21 ಕೆಜಿ ಇಳಿದೆ. ಅಮ್ಮ ಹೊಲಿದ ಬ್ಲೌಸ್‌ಗಳನ್ನು ಏನು ಮಾಡಲಿ?

ತುಂಗೆ ದಡ, ಶಿವಮೊಗ್ಗ
ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಜನವರಿಯಲ್ಲಿ ನನಗೆ ಶುಗರ್ ಇದೆ ಅಂತ ಗೊತ್ತಾಯಿತು. ಆಗ ತೂಕ 84 ಕೆಜಿ. ಡಾಕ್ಟರು ಮಾತ್ರೆ ಬರೆದುಕೊಟ್ಟು, ತೂಕ ಇಳಿಸಿದರೆ ಮಾತ್ರೆಯೂ ಕಡಿಮೆ ಆಗಬಹುದು ಅಂದರು. ರಾತ್ರಿ ಅನ್ನ ಬಿಟ್ಟೆ. ಏಳೂವರೆಗೆಲ್ಲ ಊಟ ಮುಗಿಸುವ ಅಭ್ಯಾಸ ಮಾಡಿಕೊಂಡೆ. ಸ್ಕೂಟಿ ಮನೆಯಲ್ಲೇ ಬಿಟ್ಟು ಶಾಲೆಗೆ ನಡೆದೇ ಹೋದೆ, ಹೋಗಿ ಬರಲು ಐದು ಕಿಲೋಮೀಟರ್. ಹದಿನಾರು ತಿಂಗಳಲ್ಲಿ 63ಕ್ಕೆ ಬಂದೆ. ನಾಲ್ಕು ತಿಂಗಳಿಂದ ಅಲ್ಲೇ ನಿಂತಿದೆ. ಮಾತ್ರೆ ಅರ್ಧಕ್ಕೆ ಇಳಿದಿದೆ.

ಖುಷಿಯ ವಿಷಯವೇ. ಆದರೆ ಬೀರು ತೆಗೆದರೆ ಒಂದು ಬಟ್ಟೆಯೂ ನನ್ನದು ಅನ್ನಿಸುತ್ತಿಲ್ಲ. ಚೂಡಿದಾರದ ಟಾಪ್ ಭುಜದಿಂದ ಜಾರುತ್ತದೆ. ಪ್ಯಾಂಟಿನ ಲಾಡಿ ಎಳೆದು ಕಟ್ಟಿದರೆ ಸೊಂಟದ ಸುತ್ತ ಬಟ್ಟೆ ಮುದ್ದೆಮುದ್ದೆಯಾಗಿ ಕೂರುತ್ತದೆ. ಅದನ್ನೇ ಹಾಕಿಕೊಂಡು ಹೋದರೆ ಸ್ಟಾಫ್ ರೂಮಿನಲ್ಲಿ “ಯಾಕ್ರೀ ಟೀಚರ್, ಹೀಗೆ ಸೊರಗಿದ್ದೀರಿ, ಹುಷಾರಿಲ್ವಾ?” ಅಂತ ಕೇಳುತ್ತಾರೆ. ಇಪ್ಪತ್ತು ತಿಂಗಳು ಕಷ್ಟಪಟ್ಟವಳಿಗೆ ಆ ಮಾತು ನೋವಾಗುತ್ತದೆ. ಒಟ್ಟು ಹದಿನೇಳು ಜೊತೆ ಚೂಡಿದಾರ, ಒಂಬತ್ತು ಕುರ್ತಿ, ನೈಟಿಗಳು, ಎರಡು ಸ್ವೆಟರ್ ಇವೆ. ಇವಕ್ಕೆ ನಿಮ್ಮ ಸಲಹೆ ಬೇಕು.

ಇದಕ್ಕಿಂತ ದೊಡ್ಡ ಪ್ರಶ್ನೆ ಏಳು ಬ್ಲೌಸ್‌ಗಳದ್ದು. 2005ರಲ್ಲಿ ನನ್ನ ಮದುವೆಯಾದಾಗ ಧಾರೆ ಸೀರೆಯೂ ಸೇರಿ ಏಳು ರೇಷ್ಮೆ ಸೀರೆಗಳಿಗೆ ಅಮ್ಮನೇ ಮನೆಯ ಮೆಷಿನ್‌ನಲ್ಲಿ ಬ್ಲೌಸ್ ಹೊಲಿದರು. ನಾನು ದಪ್ಪ ಆದ ಹಾಗೆಲ್ಲ “ತಾ ಇಲ್ಲಿ” ಅಂತ ಇಸಿದುಕೊಂಡು, ಸರಿ ಮಾಡಿ ಕೊಡುತ್ತಿದ್ದರು. ನನಗೆ ಹೊಲಿಗೆ ಬರುವುದಿಲ್ಲ, ಅವರು ಏನು ಮಾಡುತ್ತಿದ್ದರು ಅಂತ ನಾನು ನೋಡಲೂ ಇಲ್ಲ. 2019ರಲ್ಲಿ ಅಮ್ಮ ತೀರಿಕೊಂಡರು. ಆಮೇಲೆ ಬ್ಲೌಸ್‌ಗಳು ಬಿಗಿಯಾಗಿ, ಹುಕ್ಕು ಹಾಕಲು ಬರದೆ, ಬೀರುವಿನಲ್ಲೇ ಉಳಿದವು. ಈಗ ತೊಟ್ಟರೆ ನೇತಾಡುತ್ತವೆ.

ಟೈಲರ್‌ಗೆ ಕೊಟ್ಟರೆ ಅಮ್ಮನ ಹೊಲಿಗೆ ಬಿಚ್ಚುತ್ತಾರೆ. ಕೊಡದಿದ್ದರೆ ತೊಡಲು ಆಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಅಣ್ಣನ ಮಗಳ ಮದುವೆ ಇದೆ. ಧಾರೆ ಸೀರೆ ಉಡಬೇಕು ಅಂತ ತುಂಬಾ ಆಸೆ. ಮೂರು ದಿನದಿಂದ ಆ ಬ್ಲೌಸ್ ಮಂಚದ ಮೇಲೆ ಇಟ್ಟುಕೊಂಡು ಕೂತಿದ್ದೇನೆ.

ಬಸ್ ಪಾಸ್, ಬೆಂಗಳೂರು
ಭಾನುವಾರ, ರಾತ್ರಿ 10.15

ಅಕ್ಕ, ಮೊದಲು ಅಭಿನಂದನೆ. 21 ಕೆಜಿ ಅಂದರೆ ಸಣ್ಣ ಮಾತಲ್ಲ. ಸೋನಾ ಮಸೂರಿ ಅಕ್ಕಿಯ 25 ಕೆಜಿ ಮೂಟೆ ಎತ್ತಿ ನೋಡಿ, ಹೆಚ್ಚುಕಡಿಮೆ ಅಷ್ಟು ಭಾರ ಇಳಿಸಿದ್ದೀರಿ.

ನಾನು 18 ಕೆಜಿ ಇಳಿಸಿದೆ. ನನ್ನ ಸೊಂಟ 40ರಿಂದ 34ಕ್ಕೆ ಬಂತು. ಎಂಟು ಆಫೀಸ್ ಪ್ಯಾಂಟ್ ಇದ್ದವು, ಎಲ್ಲವನ್ನೂ ಆಲ್ಟರ್ ಮಾಡಿಸೋಣ ಅಂತ ಕೊಟ್ಟೆ. ಅದು ತಪ್ಪು. ಎರಡು ಇಂಚಿನವರೆಗೆ ಹಿಂದಿನ ನಡು ಹೊಲಿಗೆ ಒಳಗೆ ತೆಗೆದುಕೊಂಡರೆ ಸಾಕು, ಚೆನ್ನಾಗಿಯೇ ಕೂರುತ್ತದೆ. ಆರು ಇಂಚು ತೆಗೆದಾಗ ಹಿಂದಿನ ಎರಡೂ ಜೇಬು ಒಂದರ ಪಕ್ಕ ಒಂದು ಬಂದು ಅಂಟಿಕೊಂಡವು. ತೊಡೆ ಹತ್ತಿರ ಬಟ್ಟೆ ಹಾಗೇ ಅಗಲ ಉಳಿಯಿತು. ಎಂಟು ಪ್ಯಾಂಟಿಗೆ ಕೊಟ್ಟ ದುಡ್ಡಲ್ಲಿ ಎರಡು ಹೊಸದು ಬರುತ್ತಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಎರಡು ಸೈಜ್ ಒಳಗಿನ ವ್ಯತ್ಯಾಸ ಆದರೆ ಹೊಲಿಸಿ. ಅದಕ್ಕಿಂತ ಜಾಸ್ತಿ ಆದರೆ ಕೊಟ್ಟುಬಿಡಿ. ಒಂದೂ ಇಟ್ಟುಕೊಳ್ಳಬೇಡಿ. ದೊಡ್ಡ ಬಟ್ಟೆ ಬೀರುವಿನಲ್ಲಿ ಇದ್ದರೆ ಮೈ ಅಲ್ಲಿಗೇ ವಾಪಸ್ ಹೋಗಲು ದಾರಿ ಇಟ್ಟ ಹಾಗೆ. ಅಮ್ಮನ ಬ್ಲೌಸ್ ವಿಷಯ ಬೇರೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಒಂಟಿಕೊಪ್ಪಲು, ಮೈಸೂರು
ಸೋಮವಾರ, ಬೆಳಿಗ್ಗೆ 6.50

ಬಸ್ ಪಾಸ್ ಅವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ನಾನೂ ಹಾಗೇ ಮಾಡಿದೆ. 2021ರಲ್ಲಿ 15 ಕೆಜಿ ಇಳಿದ ಖುಷಿಯಲ್ಲಿ ಎಲ್ಲ ಕೊಟ್ಟೆ. ಮುಂದಿನ ವರ್ಷ ಮಂಡಿ ಆಪರೇಷನ್ ಆಯಿತು, ಆರು ತಿಂಗಳು ನಡೆಯಲು ಆಗಲಿಲ್ಲ. 11 ಕೆಜಿ ವಾಪಸ್ ಬಂತು. ಹಾಕಿಕೊಳ್ಳಲು ಬಟ್ಟೆ ಇಲ್ಲದೆ ಯಜಮಾನರ ಟೀ ಶರ್ಟ್ ಹಾಕಿಕೊಂಡು ಫಿಸಿಯೋಥೆರಪಿಗೆ ಹೋದೆ. ಬಟ್ಟೆ ಇಟ್ಟುಕೊಂಡಿದ್ದಕ್ಕೆ ತೂಕ ಬರುವುದಿಲ್ಲ ಅಣ್ಣ. ಕಾಯಿಲೆ, ಹೆರಿಗೆ, ಮಾತ್ರೆ, ಮನೆಯ ಚಿಂತೆ, ಇದರಿಂದೆಲ್ಲ ಬರುತ್ತದೆ. ಮತ್ತೆ ದಪ್ಪ ಆದವರಿಗೆ ಸೋತೆ ಅನ್ನುವ ಭಾವನೆ ಮೊದಲೇ ಇರುತ್ತದೆ. ಅದರ ಜೊತೆ ಹಾಕಲು ಬಟ್ಟೆಯೂ ಇಲ್ಲ ಅಂದರೆ ಮನೆಯಿಂದ ಹೊರಗೆ ಬರುವುದನ್ನೇ ಬಿಡುತ್ತಾರೆ. ನಾನು ಬಿಟ್ಟಿದ್ದೆ.

ಟೀಚರ್, ಎರಡು ಒಳ್ಳೆ ಹತ್ತಿ ಚೂಡಿದಾರ ಇಟ್ಟುಕೊಳ್ಳಿ. ಮೇಲಿನ ಅಟ್ಟದಲ್ಲಿ, ಕಣ್ಣಿಗೆ ಬೀಳದ ಹಾಗೆ. ಉಳಿದದ್ದು ಕೊಡಿ.

ಕತ್ತರಿ ಟೇಪು, ದಾವಣಗೆರೆ
ಸೋಮವಾರ, ಮಧ್ಯಾಹ್ನ 2.20

ಮೇಡಂ, ನಾನು ಇಪ್ಪತ್ತಾರು ವರ್ಷದಿಂದ ಲೇಡೀಸ್ ಟೈಲರ್. ಊಟದ ಹೊತ್ತಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹೇಳುತ್ತೇನೆ. ಪಕ್ಕದ ಹೊಲಿಗೆಯನ್ನು ಅರ್ಧ ಇಂಚು ಒಳಗೆ ಹಾಕಿದರೆ ಮುಂದಿನ ಭಾಗದಲ್ಲಿ ಅರ್ಧ, ಹಿಂದಿನ ಭಾಗದಲ್ಲಿ ಅರ್ಧ ಹೋಗುತ್ತದೆ. ಎರಡು ಪಕ್ಕ ಸೇರಿ ಸುತ್ತಳತೆಯಲ್ಲಿ ಎರಡು ಇಂಚು ಕಡಿಮೆ. ಮುಕ್ಕಾಲು ಇಂಚು ಹಿಡಿದರೆ ಮೂರು ಇಂಚು. ಇಷ್ಟರವರೆಗೆ ಬ್ಲೌಸ್‌ಗೆ ತೊಂದರೆ ಇಲ್ಲ. ಅದಕ್ಕಿಂತ ಜಾಸ್ತಿ ಆದರೆ ಟಕ್ಸ್, ಅಂದರೆ ಎದೆ ಹತ್ತಿರ ಮಡಿಚಿ ಹೊಲಿದ ಗೆರೆ, ಜಾಗ ತಪ್ಪುತ್ತದೆ, ತೋಳು ಬಿಚ್ಚಬೇಕಾಗುತ್ತದೆ.

ಆದರೆ ನಿಜವಾದ ಕಷ್ಟ ಸುತ್ತಳತೆ ಅಲ್ಲ, ಭುಜ. ದಪ್ಪ ಇದ್ದಾಗ ಕತ್ತರಿಸಿದ ಬಟ್ಟೆಯಲ್ಲಿ ಭುಜವೂ ಅಗಲ, ಕತ್ತೂ ಅಗಲ. ಪಕ್ಕ ಎಷ್ಟೇ ಹಿಡಿದರೂ ಭುಜ ಇಳಿದೇ ಇರುತ್ತದೆ. ನಿಮ್ಮ ಟಾಪ್ ಜಾರುವುದೂ ಅದಕ್ಕೇ. ಅವುಗಳಿಗೆ ದುಡ್ಡು ಹಾಕಬೇಡಿ.

ಈಗ ಅಮ್ಮನ ಬ್ಲೌಸ್‌ಗೆ ಬರುತ್ತೇನೆ. ನೀವು ಬರೆದದ್ದರಲ್ಲಿ ಒಂದು ಮಾತು ನನ್ನ ಕಣ್ಣಿಗೆ ಬಿತ್ತು. ಮದುವೆಗೆ ಹೊಲಿದದ್ದು, ಆಮೇಲೆ ಸರಿ ಮಾಡಿ ಕೊಡುತ್ತಿದ್ದರು ಅಂದಿರಿ. ಹಾಗಾದರೆ ಅವನ್ನು ನೀವು ಸಣ್ಣ ಇದ್ದಾಗ ಕತ್ತರಿಸಿದ್ದು, ಅಲ್ವಾ? ಭುಜ ಆಗಿನದೇ ಇರಬೇಕು. ಒಂದು ಕೆಲಸ ಮಾಡಿ. ಬ್ಲೌಸ್ ಒಳಮೈ ಹೊರಗೆ ತಿರುಗಿಸಿ, ಕಂಕುಳಿನಿಂದ ಕೆಳಗೆ ಪಕ್ಕದ ಹೊಲಿಗೆ ನೋಡಿ. ಹಗಲು ಬೆಳಕಲ್ಲಿ, ಕಿಟಕಿ ಹತ್ತಿರ ನೋಡಿ. ಏನು ಕಾಣಿಸಿತು ಅಂತ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ, ಕತ್ತರಿ ಮುಟ್ಟಿಸಬೇಡಿ.

ತುಂಗೆ ದಡ, ಶಿವಮೊಗ್ಗ
ಸೋಮವಾರ, ಸಂಜೆ 5.30

ತುಂಬಾ ಥ್ಯಾಂಕ್ಸ್ ಅಣ್ಣ. ಈಗಷ್ಟೇ ಶಾಲೆಯಿಂದ ಬಂದೆ, ಮಳೆ ಬಂದು ಕರೆಂಟ್ ಇಲ್ಲ. ನಾಳೆ ಬೆಳಿಗ್ಗೆ ನೋಡುತ್ತೇನೆ.

ರಾಗಿ ಹೊಲ, ಹಾಸನ
ಸೋಮವಾರ, ರಾತ್ರಿ 8.05

ವಿಷಯದಿಂದ ಸ್ವಲ್ಪ ಆಚೆ ಹೋಗುತ್ತಿದ್ದೇನೆ, ಆದರೆ ಹೇಳಲೇಬೇಕು. ಪ್ರಯತ್ನಪಟ್ಟು ಇಳಿಸಿದವರ ಬಟ್ಟೆ ಸಡಿಲ ಆಗುವುದು ಬೇರೆ, ತಾನಾಗಿ ಸಡಿಲ ಆಗುವುದು ಬೇರೆ.

ನಮ್ಮಪ್ಪ ಪಂಚೆ ಉಡುವವರು. ಪಂಚೆಗೆ ಸೈಜ್ ಇಲ್ಲ. ಸೊಂಟ ಎಷ್ಟೇ ಇಳಿದರೂ ಇನ್ನೊಂದು ಸುತ್ತು ಸುತ್ತಿ ಕಟ್ಟಿದರೆ ಆಯಿತು. ಮೇಲೆ ದೊಗಲೆ ಅಂಗಿ. ಮನೆಯಲ್ಲಿ ಐದು ಜನ ಇದ್ದೆವು, ಅವರು ಇಳಿಯುತ್ತಿರುವುದು ಒಬ್ಬರಿಗೂ ಗೊತ್ತಾಗಲಿಲ್ಲ. ಒಂದು ದಿನ ಬಾವಿಕಟ್ಟೆ ಹತ್ತಿರ ಸ್ನಾನ ಮಾಡುವಾಗ ಅವರ ಬೆಳ್ಳಿ ಉಡಿದಾರ ಜಾರಿ ಕಾಲ ಹತ್ತಿರ ಬಿತ್ತು. ನಲವತ್ತು ವರ್ಷದಿಂದ ಸೊಂಟದ ಮೇಲೆ ನಿಂತಿದ್ದ ಉಡಿದಾರ ಅದು. ಅವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಾಗಲೇ ನಮಗೆ ಹೊಳೆದದ್ದು. ತೂಕ ಹಾಕಿಸಿದರೆ 9 ಕೆಜಿ ಕಡಿಮೆ. ಟಿಬಿ ಇತ್ತು. ಆರು ತಿಂಗಳು ಮಾತ್ರೆ ನುಂಗಿದರು, ಪೂರ್ತಿ ವಾಸಿಯಾಯಿತು.

ಆರೇಳು ತಿಂಗಳಿಂದ ಒಂದು ವರ್ಷದ ಒಳಗೆ, ಪ್ರಯತ್ನ ಮಾಡದೆ ಮೈತೂಕದ 5%ಗಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತೋರಿಸಬೇಕು ಅಂತ ಆಗ ಹೇಳಿದರು. 60 ಕೆಜಿ ಇರುವವರಿಗೆ ಅದು ಮೂರೇ ಕೆಜಿ. ವಯಸ್ಸಾದವರ ಬಟ್ಟೆ ಸಡಿಲ ಆದರೆ ಟೈಲರ್ ಹತ್ತಿರ ಹೋಗುವ ಮೊದಲು ಆಸ್ಪತ್ರೆಗೆ ಹೋಗಿ.

ಬಾದಾಮಿ ಗಿರಣಿ, ಬಾಗಲಕೋಟೆ
ಸೋಮವಾರ, ರಾತ್ರಿ 9.30

ರಾಗಿ ಹೊಲ ಅವರೇ, ಓದಿ ಎದೆ ಝಲ್ ಅಂತು. ನಿಮ್ಮ ತಂದೆಯವರು ಆರಾಮ ಇದ್ದಾರಲ್ಲ, ಸಮಾಧಾನ.

ಟೀಚರ್, ನಿಮ್ಮ ಹದಿನೇಳು ಚೂಡಿದಾರದಲ್ಲಿ ಹತ್ತಿ ಎಷ್ಟು ಇವೆ? ಹತ್ತಿ ಇದ್ದರೆ ಯಾರಿಗೂ ಕೊಡಬೇಡಿ, ಕೌದಿ ಹೊಲಿಸಿ. ನಮ್ಮ ಕಡೆ ಮನೆಗೆ ನಾಲ್ಕು ಕೌದಿ ಇಲ್ಲದೆ ಇರುವುದಿಲ್ಲ. ಕೆಳಗೊಂದು ಹಳೇ ಸೀರೆ, ಮೇಲೊಂದು ಹಳೇ ಸೀರೆ, ನಡುವೆ ಬಿಚ್ಚಿ ಹರವಿದ ಹಳೇ ಬಟ್ಟೆ. ಆಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕೈ ಹೊಲಿಗೆ, ಬೆರಳಿನಷ್ಟು ಅಂತರಕ್ಕೆ ಒಂದೊಂದು ಸಾಲು. ಅವ್ವ ಮಧ್ಯಾಹ್ನ ಊಟ ಆದ ಮೇಲೆ ಅಂಗಳದಲ್ಲಿ ಹರವಿ ಕೂತರೆ ಓಣಿಯ ನಾಲ್ಕು ಮಂದಿ ಹೆಣ್ಣುಮಕ್ಕಳು ಸೂಜಿ ಹಿಡಿದು ಬಂದು ಸುತ್ತ ಕೂರುತ್ತಿದ್ದರು. ಎಂಟು ಹತ್ತು ದಿನಕ್ಕೆ ಒಂದು ಕೌದಿ.

ಕೌದಿಗೆ ಒಗೆದು ಒಗೆದು ಮೆತ್ತಗಾದ ಹತ್ತಿಯೇ ಬೇಕು. ಪಾಲಿಯೆಸ್ಟರ್ ಹಾಕಿದರೆ ಬೆವರು ಹೀರುವುದಿಲ್ಲ, ಒಳಗೆ ಜಾರಿ ಗಂಟಾಗುತ್ತದೆ. ಬಟನ್, ಜಿಪ್, ಲಾಡಿ, ದಪ್ಪ ಹೊಲಿಗೆ ಎಲ್ಲ ಮೊದಲೇ ತೆಗೆದು ಇಡಿ. ದೊಡ್ಡ ಸೈಜ್ ಬಟ್ಟೆ ಇದಕ್ಕೆ ಚೊಲೋ. ಒಂದು ಟಾಪ್ ಬಿಚ್ಚಿದರೆ ಎರಡು ದೊಡ್ಡ ತುಂಡು ಬರುತ್ತವೆ.

ನನ್ನ ಮದುವೆಗೆ ಅವ್ವ ಕೊಟ್ಟ ಕೌದಿಯಲ್ಲಿ ನನ್ನ ಶಾಲೆಯ ನೀಲಿ ಲಂಗದ ತುಂಡು ಇದೆ. ಮಗ ಈಗ ಅದರ ಮೇಲೆ ಮಲಗುತ್ತಾನೆ.

ಜೇನುಕಲ್ಲು, ಯಲ್ಲಾಪುರ
ಸೋಮವಾರ, ರಾತ್ರಿ 10.10

ಕೌದಿ ಮಾತು ಬಂತಲ್ಲ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಂಗಸರು ಕವಂದಿ ಹೊಲಿಯುತ್ತಾರೆ. ಅದರ ರೀತಿ ಬೇರೆ. ಬಣ್ಣದ ಸಣ್ಣ ಸಣ್ಣ ತುಂಡುಗಳನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಯಲ್ಲಿ ಮಡಿಚಿದ ತ್ರಿಕೋನದ ತುಂಡು ಇಟ್ಟು ಹೂ ಮಾಡುತ್ತಾರೆ. ಈಗ ಅವನ್ನು ಹೊರ ದೇಶದವರೂ ಕೊಳ್ಳುತ್ತಾರೆ. ಹೊಲಿಸುವುದಾದರೆ ನಿಮ್ಮ ಬಟ್ಟೆ ಕೊಟ್ಟು, ಅವರ ಕೈಕೆಲಸಕ್ಕೆ ಸರಿಯಾದ ಕೂಲಿಯನ್ನೂ ಕೊಡಿ. ದಿನಗಟ್ಟಲೆ ಕೂತು ಮಾಡುವ ಕೆಲಸ ಅದು, ಹಳೇ ಬಟ್ಟೆ ಅಂತ ಚೌಕಾಸಿ ಮಾಡಬಾರದು.

ಬಸ್ ಪಾಸ್, ಬೆಂಗಳೂರು
ಸೋಮವಾರ, ರಾತ್ರಿ 10.40

ಹತ್ತಿ ಅಲ್ಲದ ಬಟ್ಟೆಗೆ ಒಂದು ದಾರಿ. 2023ರ ಮೇ ತಿಂಗಳಲ್ಲಿ ದೇಶದ ನಗರಗಳಲ್ಲಿ ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರ ಅಂತ ಶುರು ಮಾಡಿದರಲ್ಲ, ಹಳೇ ಬಟ್ಟೆ, ಪುಸ್ತಕ, ಚಪ್ಪಲಿ ತೆಗೆದುಕೊಳ್ಳುವ ಜಾಗ. ನಿಮ್ಮ ಮಹಾನಗರ ಪಾಲಿಕೆಯಲ್ಲಿ ಈಗಲೂ ನಡೆಯುತ್ತಿದೆಯಾ ಅಂತ ವಿಚಾರಿಸಿ. ಗೂಂಜ್ ಸಂಸ್ಥೆಯೂ ಇದೆ. ದಿಲ್ಲಿಯಲ್ಲಿ 1999ರಲ್ಲಿ ಶುರುವಾದದ್ದು, ಬೆಂಗಳೂರಲ್ಲೂ ಬಟ್ಟೆ ತೆಗೆದುಕೊಳ್ಳುತ್ತಾರೆ. ಅವರು ಸುಮ್ಮನೆ ಹಂಚುವುದಿಲ್ಲ. ಹಳ್ಳಿಯವರು ಸೇರಿ ಕೆರೆ ಹೂಳು ತೆಗೆಯುವುದು, ರಸ್ತೆ ಮಾಡುವುದು, ಹೀಗೆ ಊರಿಗೆ ಬೇಕಾದ ಕೆಲಸ ಮಾಡಿಕೊಳ್ಳುತ್ತಾರೆ. ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ ಕೊಡುತ್ತಾರೆ. ತೆಗೆದುಕೊಳ್ಳುವವರು ಕೈ ಚಾಚಬೇಕಾಗಿಲ್ಲ. ಆ ಕ್ರಮ ನನಗೆ ತುಂಬಾ ಹಿಡಿಸಿತು.

ಕಾಫಿ ಹೂ, ಮಡಿಕೇರಿ
ಮಂಗಳವಾರ, ಬೆಳಿಗ್ಗೆ 7.15

ಕೊಡುವ ಮಾತು ಬಂದಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡಿದೆ. ಲಾರಿಗಟ್ಟಲೆ ಬಟ್ಟೆ ಬಂತು. ಜನರ ಮನಸ್ಸು ದೊಡ್ಡದು, ಅದನ್ನು ಮರೆಯುವುದಿಲ್ಲ. ಆದರೆ ಮೂಟೆ ಬಿಚ್ಚಿದಾಗ ಏನೇನು ಇತ್ತು ಅಂತ ಕೇಳಿ. ಹುಕ್ಕು ಕಿತ್ತ ಬ್ಲೌಸ್, ಜೋಡಿ ಇಲ್ಲದ ಪ್ಯಾಂಟ್, ಲಾಡಿ ಇಲ್ಲದ ಲಂಗ, ಒಗೆಯದೆ ಕಟ್ಟಿದ ಬಟ್ಟೆ. ಮಳೆಯಲ್ಲಿ ಅದೆಲ್ಲ ನೆನೆದು ವಾಸನೆ ಬಂತು. ಒಬ್ಬ ಅಜ್ಜಿಗೆ ಬೇಕಾಗಿದ್ದು ಒಂದು ಬೆಚ್ಚನೆಯ ಸ್ವೆಟರ್ ಮತ್ತು ಹೊಸ ಒಳಬಟ್ಟೆ. ಆ ರಾಶಿಯಲ್ಲಿ ಎರಡು ಗಂಟೆ ಹುಡುಕಿದರೂ ಸಿಗಲಿಲ್ಲ. ನಾನು ನನ್ನ ಸ್ವೆಟರ್ ಬಿಚ್ಚಿ ಕೊಟ್ಟೆ.

ಟೀಚರ್, ನಿಮ್ಮ ಎರಡು ಸ್ವೆಟರ್ ಒಗೆದು ಒಣಗಿಸಿ ಬೇರೆ ಇಡಿ. ಚಳಿಗಾಲಕ್ಕೆ ಮುಂಚೆ ಕೊಡಿ. ಸ್ವೆಟರ್ ಸ್ವಲ್ಪ ದೊಡ್ಡ ಇದ್ದರೂ ಯಾರೂ ಬೇಡ ಅನ್ನುವುದಿಲ್ಲ. ಚೂಡಿದಾರ ಕೊಡುವುದಾದರೆ ಟಾಪ್, ಪ್ಯಾಂಟ್, ವೇಲ್ ಮೂರೂ ಒಟ್ಟಿಗೆ ಮಡಿಚಿ, ಪಿನ್ ಹಾಕಿ, ಸೈಜ್ ಬರೆದು ಇಡಿ. ಅಷ್ಟು ಮಾಡಿದರೆ ತೆಗೆದುಕೊಳ್ಳುವ ಕಡೆ ಒಬ್ಬರ ಅರ್ಧ ದಿನ ಉಳಿಯುತ್ತದೆ.

ಕೆರೆ ಕೋಡಿ, ತುಮಕೂರು
ಮಂಗಳವಾರ, ಬೆಳಿಗ್ಗೆ 9.00

ಇಷ್ಟೆಲ್ಲ ಯಾಕೆ ಯೋಚನೆ? ಮನೆ ಕೆಲಸದವರಿಗೆ ಕೊಟ್ಟುಬಿಡಿ. ಇಲ್ಲವಾದರೆ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಯಲ್ಲಿ ಬರುತ್ತಾರೆ. ನಾನು ಹೋದ ತಿಂಗಳು ನಾಲ್ಕು ಪ್ಯಾಂಟ್, ಎರಡು ಸೀರೆ ಕೊಟ್ಟು ಒಂದು ಒಳ್ಳೆ ಡಬರಿ ತೆಗೆದುಕೊಂಡೆ.

ನೀಲಿ ಬಕೆಟ್, ಬೆಂಗಳೂರು
ಮಂಗಳವಾರ, ಮಧ್ಯಾಹ್ನ 1.10

ಪಾತ್ರೆಯವರಿಗೆ ಕೊಡುವುದು ಒಳ್ಳೆಯದೇ. ಅವರು ಅದನ್ನು ಒಗೆದು, ಹೊಲಿದು ಸಂತೆಯಲ್ಲಿ ಮಾರುತ್ತಾರೆ, ಅದು ಅವರ ದುಡಿಮೆ. ಆದರೆ ಮೊದಲನೇ ಮಾತಿಗೆ ನಾನು ಉತ್ತರ ಕೊಡಬೇಕು.

ನನ್ನ ಅಮ್ಮ ಇಪ್ಪತ್ತೆರಡು ವರ್ಷ ಮನೆ ಕೆಲಸ ಮಾಡಿ ನಮ್ಮನ್ನು ಓದಿಸಿದರು. ನಾನು ಪಿಯುಸಿ ಮುಗಿಸುವವರೆಗೆ ಹಾಕಿದ್ದೆಲ್ಲ ಬೇರೆಯವರ ಬಟ್ಟೆ. ಕೊಟ್ಟವರಲ್ಲಿ ಎರಡು ಥರ ಇದ್ದರು. ಒಬ್ಬರು ಹೋಗುವಾಗ ಪ್ಲಾಸ್ಟಿಕ್ ಕವರ್ ಕೈಗಿಟ್ಟು “ತಗೋ” ಅನ್ನುತ್ತಿದ್ದರು. ಅಮ್ಮ ಬೇಡ ಅನ್ನುವ ಹಾಗಿರಲಿಲ್ಲ. ಬೇಡ ಅಂದರೆ ಅಹಂಕಾರ ಅಂದುಕೊಳ್ಳುತ್ತಾರೆ. ಒಂದು ಸಲ ಆ ಕವರಿನಲ್ಲಿ ಅಮ್ಮನಿಗಿಂತ ಎರಡು ಪಟ್ಟು ಅಗಲದ ನೈಟಿಗಳು ಇದ್ದವು, ಕಂಕುಳಲ್ಲಿ ಹರಿದಿದ್ದವು. ಅಮ್ಮ ಅದನ್ನು ನೆಲ ಒರೆಸಲು ಅದೇ ಮನೆಗೆ ತೆಗೆದುಕೊಂಡು ಹೋದರು.

ಇನ್ನೊಬ್ಬರು ಆಂಟಿ ಇದ್ದರು. ಅವರು ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿ ಮಂಚದ ಮೇಲೆ ಹರವಿ, “ಇದರಲ್ಲಿ ನಿಂಗೆ ಇಷ್ಟ ಆಗೋದು ಇದ್ರೆ ನೋಡು, ಇಲ್ಲಾಂದ್ರೆ ಬಿಡು, ಬೇರೆ ಕಡೆ ಕೊಡ್ತೀನಿ” ಅನ್ನುತ್ತಿದ್ದರು. ಒಮ್ಮೆ ಹಸಿರು ಚೂಡಿದಾರ ಒಂದನ್ನು ತಮ್ಮ ಟೈಲರ್ ಹತ್ತಿರವೇ ನನ್ನ ಅಳತೆಗೆ ಹೊಲಿಸಿ ಕೊಟ್ಟರು. ಅದನ್ನು ಹಾಕಿಕೊಂಡೇ ನಾನು ಮೊದಲ ಇಂಟರ್‌ವ್ಯೂಗೆ ಹೋದದ್ದು.

ದೊಡ್ಡ ಬಟ್ಟೆ ಕೊಡುವಾಗ ಅದನ್ನು ಹಾಕಿಕೊಳ್ಳುವ ಮೈ ಯಾವುದು ಅಂತ ಯೋಚನೆ ಮಾಡಿ. ಹೊಟ್ಟೆ ಬಟ್ಟೆ ಕಟ್ಟಿ ದುಡಿಯುವವರಿಗೆ ನಿಮ್ಮ ಎಕ್ಸ್‌ಎಕ್ಸ್‌ಎಲ್ ಆಗುವುದಿಲ್ಲ. ಕೇಳಿ ಕೊಡಿ, ಆಗದಿದ್ದರೆ ಹೊಲಿಸಿ ಕೊಡಿ. ಬೇಡ ಅನ್ನುವ ಅವಕಾಶ ಕೊಡಿ.

ಕೆರೆ ಕೋಡಿ, ತುಮಕೂರು
ಮಂಗಳವಾರ, ಮಧ್ಯಾಹ್ನ 3.45

ನೀಲಿ ಬಕೆಟ್ ಅವರೇ, ನೀವು ಹೇಳಿದ್ದು ನಿಜ. ನಾನು ಆ ಕಡೆಯಿಂದ ಯಾವತ್ತೂ ಯೋಚಿಸಿರಲಿಲ್ಲ. ಇವತ್ತೇ ನಮ್ಮ ಮನೆಯಲ್ಲಿ ಮಾತಾಡುತ್ತೇನೆ.

ಒಂಟಿಕೊಪ್ಪಲು, ಮೈಸೂರು
ಮಂಗಳವಾರ, ಸಂಜೆ 4.20

ಇನ್ನೊಂದು ಎಚ್ಚರಿಕೆ. ಬೀದಿಯಲ್ಲಿ “ಹಳೇ ರೇಷ್ಮೆ ಸೀರೆ, ಜರಿ ಸೀರೆ ಕೊಳ್ತೀವಿ” ಅಂತ ಬರುವವರಿಗೆ ಅವಸರದಲ್ಲಿ ಕೊಡಬೇಡಿ. ಅವರು ಜರಿ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಇಲ್ಲಿಯ ಸರ್ಕಾರಿ ರೇಷ್ಮೆ ಕಾರ್ಖಾನೆ 1912ರಿಂದ ಇದೆ. ಅಲ್ಲಿಯ ಮೈಸೂರು ಸಿಲ್ಕ್ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಇರುತ್ತದೆ. ಏನು ಕೊಡುತ್ತಿದ್ದೇವೆ ಅಂತ ಗೊತ್ತಿಲ್ಲದೆ ಕೊಟ್ಟು ಆಮೇಲೆ ಅತ್ತವರನ್ನು ನೋಡಿದ್ದೇನೆ. ಬ್ಲೌಸ್ ಆಗದಿದ್ದರೂ ಸೀರೆಗೆ ಸೈಜ್ ಇಲ್ಲವಲ್ಲ, ಸೀರೆ ಯಾವತ್ತೂ ಆಗುತ್ತದೆ.

ತುಂಗೆ ದಡ, ಶಿವಮೊಗ್ಗ
ಮಂಗಳವಾರ, ರಾತ್ರಿ 8.30

ಕತ್ತರಿ ಟೇಪು ಅಣ್ಣ, ನೋಡಿದೆ.

ಬೆಳಿಗ್ಗೆ ಆರೂವರೆಗೆ ಧಾರೆ ಸೀರೆಯ ಬ್ಲೌಸ್ ತಿರುಗಿಸಿ ಕಿಟಕಿ ಹತ್ತಿರ ಹಿಡಿದೆ. ಕೆಂಪು ರೇಷ್ಮೆ, ಒಳಗೆ ಬಿಳಿ ಹತ್ತಿಯ ಲೈನಿಂಗ್. ಈಗಿನ ಹೊಲಿಗೆ ಅಂಚಿನ ಹತ್ತಿರವೇ ಇದೆ. ಅದರ ಆಚೆ ಬಟ್ಟೆ ಹೆಚ್ಚು ಉಳಿದಿಲ್ಲ, ಕಾಲು ಇಂಚು ಇರಬಹುದು. ಆದರೆ ಅದರಿಂದ ಮೈಯ ಕಡೆಗೆ ಬಂದರೆ ಸಣ್ಣ ಸಣ್ಣ ತೂತುಗಳ ಒಂದು ಸಾಲು ಇದೆ. ದಾರ ಇಲ್ಲ, ಸೂಜಿ ಚುಚ್ಚಿದ ಗುರುತು ಮಾತ್ರ. ಇನ್ನೂ ಒಳಗೆ ಬಂದರೆ ಅಂಥದ್ದೇ ಇನ್ನೊಂದು ಸಾಲು. ಬೆಳಕಿಗೆ ಹಿಡಿದರೆ ಎರಡೂ ಸಾಲು ಚುಕ್ಕಿ ಇಟ್ಟ ಹಾಗೆ ಕಾಣಿಸುತ್ತವೆ. ಒಳಗಿನ ಸಾಲಿನ ಈಚೆಗೂ ಆಚೆಗೂ ರೇಷ್ಮೆಯ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇದೆ, ಆಚೆಯದು ಜಾಸ್ತಿ ಕೆಂಪು.

ಟೇಪು ಹಿಡಿದು ನೋಡಿದೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಮುಕ್ಕಾಲು ಇಂಚು. ನಿಮ್ಮ ಲೆಕ್ಕದ ಪ್ರಕಾರ ಒಂದೊಂದು ಸಾಲಿಗೆ ಮೂರು ಇಂಚು. ಈಗಿನದು 40, ನಡುವಿನದು 37, ಒಳಗಿನದು 34. ಮದುವೆಯಲ್ಲಿ ನನ್ನ ಎದೆ ಸುತ್ತಳತೆ 34 ಇತ್ತು. 2009ರಲ್ಲಿ ಮಗಳು ಹುಟ್ಟಿದ ಮೇಲೆ ಅಮ್ಮ ಒಮ್ಮೆ ಬಿಚ್ಚಿದ್ದರು. 2014ರಲ್ಲಿ ಮಗ ಹುಟ್ಟಿದ ಮೇಲೆ ಇನ್ನೊಮ್ಮೆ.

ಉಳಿದ ಆರನ್ನೂ ತಿರುಗಿಸಿದೆ. ಆರರಲ್ಲೂ ಹಾಗೇ ಇದೆ. ಇಪ್ಪತ್ತು ವರ್ಷದ ಹುಡುಗಿಗೆ ಬ್ಲೌಸ್ ಹೊಲಿಯುವಾಗಲೇ ಅಮ್ಮ ಒಂದೂವರೆ ಇಂಚಿಗಿಂತ ಜಾಸ್ತಿ ಬಟ್ಟೆ ಒಳಗೆ ಬಿಟ್ಟಿದ್ದಾರೆ. ಮುಂದೆ ಮಕ್ಕಳಾಗುತ್ತದೆ, ಮೈ ತುಂಬುತ್ತದೆ, ಬೇಕಾಗುತ್ತದೆ ಅಂತ. ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.

ಈಗ ನನ್ನ ಅಳತೆ 37. ಎರಡು ಸಲ ಟೇಪು ಹಿಡಿದು ನೋಡಿದೆ.

ಕತ್ತರಿ ಟೇಪು, ದಾವಣಗೆರೆ
ಮಂಗಳವಾರ, ರಾತ್ರಿ 9.50

ಮೇಡಂ, ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು ಓದಿದೆ. ನಿಮ್ಮ ತಾಯಿಯವರು ಒಳ್ಳೆ ಕೈ. ಬಟ್ಟೆ ಮಿಗಿಸಿ ಕತ್ತರಿಸುವುದು ಎಲ್ಲರೂ ಮಾಡುತ್ತಾರೆ, ಆದರೆ ರೇಷ್ಮೆಯಲ್ಲಿ ಅಷ್ಟು ಬಿಟ್ಟರೆ ಕಂಕುಳಲ್ಲಿ ದಪ್ಪ ಆಗಿ ಚುಚ್ಚುತ್ತದೆ. ಚುಚ್ಚದ ಹಾಗೆ ಇಸ್ತ್ರಿ ಹಾಕಿ ಹಿಂದಕ್ಕೆ ಮಲಗಿಸಿ ಹೊಲಿಯಲು ತಾಳ್ಮೆ ಬೇಕು.

ಇನ್ನು ಚಿಂತೆ ಬಿಡಿ. ಬಿಚ್ಚಬೇಕಾದದ್ದು ಈಗಿನ ಒಂದು ಸಾಲು ಮಾತ್ರ. ಅದನ್ನೂ ಮೊದಲೇ ಬಿಚ್ಚಬೇಡಿ. ಮೊದಲು ನಡುವಿನ ಸಾಲಿನ ಮೇಲೆ ಹೊಲಿದು, ತೊಟ್ಟು ನೋಡಿ, ಸರಿ ಇದ್ದರೆ ಆಮೇಲೆ ಹೊರಗಿನದನ್ನು ಬಿಚ್ಚಿ. ಬೇಡ ಅನ್ನಿಸಿದರೆ ಬಿಚ್ಚದೆಯೂ ಇಡಬಹುದು, ಅದು ಒಳಗೇ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಬಟ್ಟೆ ಬಿಡಿಸಿದಾಗ ಹಳೇ ತೂತು ಹೊರಗೆ ಕಾಣುತ್ತದೆ. ವಾಪಸ್ ಹಿಡಿದಾಗ ಹೊಸ ಹೊಲಿಗೆಯ ಆಚೆಗಿನ ತೂತೆಲ್ಲ ಒಳಗೆ ಹೋಗುತ್ತದೆ, 34ರ ಸಾಲಿನದು ಮಾತ್ರ ಈಗಿನ ಹಾಗೇ ಹೊರಗೆ ಉಳಿಯುತ್ತದೆ.

ಇಪ್ಪತ್ತು ವರ್ಷದ ರೇಷ್ಮೆ, ಆದ್ದರಿಂದ ಜಾಗ್ರತೆ. ಮೆಷಿನ್‌ಗೆ ಹೊಸ ಸೂಜಿ ಹಾಕಿ, 9 ಅಥವಾ 11ನೇ ನಂಬರ್. ಹತ್ತಿಗೆ ಹಾಕುವ 14, 16 ಹಾಕಿದರೆ ಎಳೆ ಕಡಿಯುತ್ತದೆ. ಹೊಲಿಗೆ ತೀರ ಸಣ್ಣ ಬೇಡ, ಸಾಲುಸಾಲಾಗಿ ತೂತು ಬಿದ್ದು ಅಲ್ಲೇ ಹರಿಯುತ್ತದೆ. ಹೊಲಿಯುವ ಮೊದಲು ಕಂಕುಳ ಜಾಗವನ್ನು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ಬೆವರು ತಾಗಿದ ರೇಷ್ಮೆ ಅಲ್ಲೇ ಮೊದಲು ಸೋಲುತ್ತದೆ. ಸೋತಿದ್ದರೆ ಒಳಗಿನಿಂದ ತೆಳು ಹತ್ತಿ ತುಂಡು ಇಟ್ಟು ಕೈ ಹೊಲಿಗೆ ಹಾಕಬೇಕು. ಮಿಕ್ಕಿದ ಬಟ್ಟೆ ಒಂದು ನೂಲೂ ಕತ್ತರಿಸಬೇಡಿ. ಟೈಲರ್ ಯಾರೇ ಆಗಲಿ, ಕೊಡುವಾಗ ಈ ಮಾತು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅಂಚಿನ ಎಳೆ ಬಿಡದ ಹಾಗೆ ಓವರ್‌ಲಾಕ್ ಹೊಡೆಯುವಾಗ ಮೆಷಿನ್ ತಾನೇ ಕತ್ತರಿಸಿ ಹಾಕುತ್ತದೆ.

ಬಾದಾಮಿ ಗಿರಣಿ, ಬಾಗಲಕೋಟೆ
ಮಂಗಳವಾರ, ರಾತ್ರಿ 10.05

ಟೀಚರ್, ಯಾರಿಗೂ ಕೊಡಬೇಡಿ. ಕೈಯಲ್ಲೇ ಹೊಲಿಯಿರಿ. ತೂತು ಹೇಗೂ ಇದೆಯಲ್ಲ, ಅದೇ ತೂತಿನಲ್ಲಿ ಸೂಜಿ ಹಾಕುತ್ತ ಹೋಗಿ. ಹೊಲಿಗೆ ಬರದಿದ್ದರೂ ಬರುತ್ತದೆ.

ತುಂಗೆ ದಡ, ಶಿವಮೊಗ್ಗ
ಭಾನುವಾರ, ಸಂಜೆ 6.15

ಎಲ್ಲರಿಗೂ ಒಂದು ವಾರದ ಸುದ್ದಿ ಹೇಳಬೇಕು.

ಸ್ವೆಟರ್ ಎರಡೂ ಒಗೆದು ಇಟ್ಟಿದ್ದೇನೆ. ಹತ್ತಿಯ ಚೂಡಿದಾರ ಹತ್ತು ಇದ್ದವು. ಎರಡು ಅಟ್ಟಕ್ಕೆ ಹೋದವು, ಒಂಟಿಕೊಪ್ಪಲು ಅವರ ಮಾತಿನಂತೆ. ಎಂಟು ಕೌದಿಗೆ. ಬಾದಾಮಿ ಗಿರಣಿ ಅವರು ತಮ್ಮ ಊರಿನ ಹೊಲಿಯುವವರ ಜೊತೆ ಮಾತಾಡಿಸಿದ್ದಾರೆ, ದಸರಾ ರಜೆಯಲ್ಲಿ ಬಟ್ಟೆ ಕಳಿಸುತ್ತೇನೆ. ಉಳಿದ ಏಳು ಜೊತೆಯನ್ನು ನಮ್ಮ ಶಾಲೆಯ ಅಡುಗೆಯವರಿಗೆ ತೋರಿಸಿದೆ, ಬೇಡ ಅನ್ನಿಸಿದರೆ ಬೇಡ ಅನ್ನಿ ಅಂತ ಮೊದಲೇ ಹೇಳಿದೆ. ಅವರು ಮೂರು ಆರಿಸಿಕೊಂಡರು. ಅವನ್ನು ಅವರ ಅಳತೆಗೆ ಹೊಲಿಸಲು ಕೊಟ್ಟಿದ್ದೇನೆ. ನಾಲ್ಕು ಬೇಡ ಅಂದರು. ಆ ನಾಲ್ಕು, ಕುರ್ತಿಗಳು ಮತ್ತು ಚೆನ್ನಾಗಿರುವ ನೈಟಿಗಳನ್ನು ಸೈಜ್ ಬರೆದು, ಪಿನ್ ಹಾಕಿ ಚೀಲದಲ್ಲಿ ಇಟ್ಟಿದ್ದೇನೆ, ಪಾಲಿಕೆಯಲ್ಲಿ ವಿಚಾರಿಸಬೇಕು.

ಬ್ಲೌಸ್ ನಾನೇ ಹೊಲಿದೆ. ಅಣ್ಣನ ಮನೆಗೆ ಹೋಗಿ ಅಮ್ಮನ ಮೆಷಿನ್‌ನ ಡ್ರಾಯರ್ ತೆಗೆದೆ. ಹುಕ್ಕಿನ ಡಬ್ಬಿ, ಸೀಮೆಸುಣ್ಣದ ತುಂಡು, ಅರ್ಧ ಖಾಲಿಯಾದ ಕೆಂಪು ದಾರದ ಉಂಡೆ ಅಲ್ಲೇ ಇದ್ದವು. ಬ್ಲೌಸ್ ಪಕ್ಕ ಇಟ್ಟು ನೋಡಿದೆ, ಅದೇ ದಾರ. ಸ್ವಲ್ಪ ಎಳೆದರೆ ತುಂಡಾಗುತ್ತಿತ್ತು, ಹಳೇದಾಗಿದೆ. ಅದಕ್ಕೆ ಹೊಸ ದಾರ ಕೊಂಡು, ಅದರ ಜೊತೆ ಈ ದಾರದ ಒಂದೆಳೆ ಸೇರಿಸಿ ಸೂಜಿಗೆ ಪೋಣಿಸಿದೆ.

ಮೂರು ಸಂಜೆ ಹಿಡಿಯಿತು. ನಡುವಿನ ಸಾಲಿನ ತೂತಿನಲ್ಲೇ ಹೋದೆ. ಕಂಕುಳ ಹತ್ತಿರ ತೂತು ಕಾಣಿಸದಾದಾಗ ಬೆರಳಲ್ಲಿ ತಡವಿದರೆ ಸಿಗುತ್ತಿತ್ತು. ಹೊರಗಿನ ಸಾಲು ಬಿಚ್ಚಲಿಲ್ಲ ಅಣ್ಣ, ಒಳಗೇ ಬಿಟ್ಟೆ. ಎಡಗಡೆ ಸ್ವಲ್ಪ ಸೊಟ್ಟ ಬಂದಿದೆ. ತೊಟ್ಟೆ. ಭುಜ ಸರಿಯಾಗಿ ಕೂತಿತು, ಹುಕ್ಕು ಐದೂ ಹಾಕಲು ಬಂದವು. ಮಗಳು ಹಿಂದೆ ನಿಂತು ಕತ್ತಿನ ಪಟ್ಟಿ ಸರಿಮಾಡಿದಳು.

ಇನ್ನು ಆರು ಇವೆ. ಹಸಿರು ಬ್ಲೌಸ್‌ಗೆ ಕಂಕುಳಲ್ಲಿ ರೇಷ್ಮೆ ಸೋತಿದೆ ಅಣ್ಣ, ಬೆರಳು ಇಟ್ಟರೆ ಎಳೆ ಬಿಡುತ್ತದೆ. ಒಳಗೆ ಹತ್ತಿ ತುಂಡು ಇಡಬೇಕು ಅಂದಿರಲ್ಲ, ಅದನ್ನು ಅಡ್ಡ ಎಳೆಯಲ್ಲಿ ಕತ್ತರಿಸಬೇಕಾ, ಉದ್ದ ಎಳೆಯಲ್ಲಾ?